ಎಂ-ಒನ್‌ಗಿಂತ ಮೊದಲು ಏನು ಗೊತ್ತಿರಬೇಕು? ಎಂಜಿನಿಯರಿಂಗ್ ಪಠ್ಯಕ್ರಮ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಉನ್ನತ ಶಿಕ್ಷಣ ಇಲಾಖೆಗೆ, ಎಂಜಿನಿಯರಿಂಗ್ ಪಠ್ಯಕ್ರಮ ಮಂಡಳಿಗಳ ಸದಸ್ಯರಿಗೆ ಮತ್ತು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ,

ಮಾನ್ಯರೇ,

ಪ್ರತಿ ವರ್ಷ ಸಿಇಟಿ ಕೌನ್ಸೆಲಿಂಗ್ ನಡೆಯುವಾಗ ಊರೆಲ್ಲ ಮಾತಾಡುವುದು ಸೀಟಿನ ಬಗ್ಗೆ, ಫೀಸಿನ ಬಗ್ಗೆ, ಕಂಪ್ಯೂಟರ್ ಸೈನ್ಸ್ ಯಾವ ರ‍್ಯಾಂಕಿಗೆ ನಿಂತಿತು ಎಂಬುದರ ಬಗ್ಗೆ. ಆ ಸೀಟಿಗೆ ಬಂದು ಕೂತ ಮಕ್ಕಳಿಗೆ ಮೊದಲ ಸೆಮಿಸ್ಟರಿನ ಪಾಠ ತಲೆಗೆ ಹತ್ತಬೇಕಾದರೆ ಮೊದಲೇ ಏನೇನು ಗೊತ್ತಿರಬೇಕು, ಅದು ಗೊತ್ತಿದೆಯೇ ಇಲ್ಲವೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಮೊದಲ ಮತ್ತು ಎರಡನೆಯ ವರ್ಷದವರಿಗೆ ಗಣಿತ ಕಲಿಸುತ್ತೇನೆ. ಮೊದಲ ಸೆಮಿಸ್ಟರಿನ ಗಣಿತಕ್ಕೆ ನಮ್ಮಲ್ಲಿ ಎಂ-ಒನ್, ಎರಡನೆಯದಕ್ಕೆ ಎಂ-ಟು ಎನ್ನುತ್ತಾರೆ. ಈ ಪ್ರಶ್ನೆಯನ್ನು ಸ್ಟಾಫ್ ರೂಮಿನಲ್ಲಿ ನಮ್ಮನಮ್ಮಲ್ಲೇ ಆಡಿಕೊಂಡು ಸುಮ್ಮನಾಗುವುದು ಇನ್ನು ಸಾಕು ಅನ್ನಿಸಿ ನಿಮಗೆ ಬರೆಯುತ್ತಿದ್ದೇನೆ.

ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ. ಬೇಸಿಕ್ ಎಲೆಕ್ಟ್ರಿಕಲ್ ಓದಿದ ಎಲ್ಲರೂ ಇದನ್ನು ಮಾಡಿರುತ್ತಾರೆ. 3 ಓಮ್ ರೆಸಿಸ್ಟೆನ್ಸ್, 4 ಓಮ್ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ಕಾಯಿಲ್ ಒಡ್ಡುವ ತಡೆ) ಇರುವ ಒಂದು ಕಾಯಿಲ್. ಅದಕ್ಕೆ ನಮ್ಮ ಮನೆಗೆ ಬರುವ 230 ವೋಲ್ಟ್ ಎಸಿ ಕೊಟ್ಟರೆ ಎಷ್ಟು ಕರೆಂಟ್ ಹರಿಯುತ್ತದೆ? ಇಂಪೀಡೆನ್ಸ್, ಅಂದರೆ ಎರಡೂ ಸೇರಿದ ಒಟ್ಟು ತಡೆ, 5 ಓಮ್; ಕರೆಂಟ್ 46 ಆಂಪಿಯರ್. ಉತ್ತರ ಎಲ್ಲರಿಗೂ ಬರುತ್ತದೆ, ಏಕೆಂದರೆ ಕ್ಯಾಲ್ಕುಲೇಟರಿನಲ್ಲಿ 'ಪೋಲ್' ಎಂಬ ಬಟನ್ ಇದೆ. 3, 4 ಎಂದು ಒತ್ತಿದರೆ ಅದು 5 ಅನ್ನೂ 53.13 ಡಿಗ್ರಿಯನ್ನೂ ಕೊಡುತ್ತದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಈ ಲೆಕ್ಕವನ್ನು ನನ್ನ ಬಳಿ ತಂದು ಕೇಳಿದಳು: "ಮೇಡಂ, ರೆಸಿಸ್ಟೆನ್ಸ್ ಮೇಲೆ 138 ವೋಲ್ಟ್, ರಿಯಾಕ್ಟೆನ್ಸ್ ಮೇಲೆ 184 ವೋಲ್ಟ್. ಕೂಡಿದ್ರೆ 322 ಆಗತ್ತೆ. ಕೊಟ್ಟಿದ್ದೇ 230. ಮಿಕ್ಕ 92 ವೋಲ್ಟ್ ಎಲ್ಲಿಂದ ಬಂತು?"

ಇಷ್ಟು ಒಳ್ಳೆಯ ಪ್ರಶ್ನೆ ಒಂದು ಸೆಮಿಸ್ಟರಿನಲ್ಲಿ ಒಂದೆರಡು ಸಲ ಬಂದರೆ ಹೆಚ್ಚು. ಅವಳು ಕ್ಯಾಲ್ಕುಲೇಟರ್ ಹೇಳಿದ್ದನ್ನು ಒಪ್ಪಿಕೊಂಡು ಮುಂದೆ ಹೋಗಲಿಲ್ಲ, ತಾಳೆ ನೋಡಿದಳು. ಅವಳಿಗೆ ಗೊತ್ತಿಲ್ಲದೇ ಇದ್ದದ್ದು ಒಂದೇ: ಆ ಎರಡು ವೋಲ್ಟೇಜುಗಳ ನಡುವೆ 90 ಡಿಗ್ರಿ ಕೋನ ಇದೆ, ಆದ್ದರಿಂದ ಅವನ್ನು ಕೂಡುವುದು ಲಂಬಕೋನ ತ್ರಿಭುಜದ ಎರಡು ಬಾಹುಗಳಿಂದ ಕರ್ಣ ಕಂಡುಹಿಡಿದ ಹಾಗೆ. 138ರ ವರ್ಗಕ್ಕೆ 184ರ ವರ್ಗ ಸೇರಿಸಿದರೆ 52,900; ಅದರ ವರ್ಗಮೂಲ ಸರಿಯಾಗಿ 230. ಕಾಂಪ್ಲೆಕ್ಸ್ ಸಂಖ್ಯೆಯನ್ನು ಉದ್ದ ಮತ್ತು ಕೋನವಾಗಿ ನೋಡುವುದನ್ನು, ಅಂದರೆ ಪೋಲಾರ್ ರೂಪವನ್ನು, ಯಾರಾದರೂ ಅವಳಿಗೆ ಒಮ್ಮೆ ಚಿತ್ರ ಬರೆದು ತೋರಿಸಿದ್ದರೆ ಈ ಅನುಮಾನ ಬರುತ್ತಿರಲಿಲ್ಲ. ಪಿಯುಸಿಯಲ್ಲಿ ಓದಿಲ್ಲವೇ ಎಂದು ಕೇಳಿದೆ. "ಅದು ಸಿಲಬಸ್‌ನಲ್ಲಿ ಇರಲಿಲ್ಲ ಮೇಡಂ" ಎಂದಳು. ಅವಳು ಹೇಳಿದ್ದು ನಿಜ.

ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಲೆಂದು 2022ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಪಠ್ಯಗಳನ್ನು ಕಡಿತಗೊಳಿಸಿತು. ನಮ್ಮ ಪಿಯು ವಿಜ್ಞಾನದ ಪಠ್ಯಗಳೂ ಅವೇ. ಹನ್ನೊಂದನೆಯ ತರಗತಿಯ ಗಣಿತದಲ್ಲಿ ಕಾಂಪ್ಲೆಕ್ಸ್ ಸಂಖ್ಯೆಯ ಪೋಲಾರ್ ರೂಪದ ಭಾಗ ಹೋಯಿತು, ಗಣಿತೀಯ ಅನುಗಮನದ, ಅಂದರೆ ಮ್ಯಾಥಮ್ಯಾಟಿಕಲ್ ಇಂಡಕ್ಷನ್‌ನ, ಇಡೀ ಅಧ್ಯಾಯ ಹೋಯಿತು, ತ್ರಿಕೋನಮಿತಿಯ ಸಮೀಕರಣಗಳನ್ನು ಬಿಡಿಸುವ ಭಾಗವೂ ಹೋಯಿತು. ಹೊರೆ ಇಳಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಎರಡು ವರ್ಷ ಮೊಬೈಲಿನಲ್ಲಿ ಪಾಠ ಕೇಳಿದ ಮಕ್ಕಳಿಗೆ ಅದು ಬೇಕಿತ್ತು. ಆದರೆ ಕೆಳಗಿನ ತರಗತಿಯಲ್ಲಿ ತೆಗೆದದ್ದನ್ನು ಮೇಲಿನ ತರಗತಿಯಲ್ಲಿ ಯಾರಾದರೂ ಕೂಡಿಸಿಕೊಳ್ಳಬೇಕಿತ್ತಲ್ಲ? ಇಂಡಕ್ಷನ್ ಇಲ್ಲದೆ ಅಲ್ಗಾರಿದಮ್ ಸರಿ ಎಂದು ಸಾಧಿಸುವುದು ಹೇಗೆ, ಪೋಲಾರ್ ರೂಪ ಇಲ್ಲದೆ ಎಸಿ ಸರ್ಕ್ಯೂಟ್ ಕಲಿಸುವುದು ಹೇಗೆ ಎಂದು ಯಾರೂ ಎಂಜಿನಿಯರಿಂಗ್ ಅಧ್ಯಾಪಕರನ್ನು ಕೇಳಲಿಲ್ಲ.

2024ರ ಸಿಇಟಿಯಲ್ಲಿ ಏನಾಯಿತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪಿಯು ಪಠ್ಯದಿಂದ ತೆಗೆದುಹಾಕಿದ ಭಾಗಗಳಿಂದ ಪ್ರಶ್ನೆಗಳು ಬಂದವು, ಪೋಷಕರು ಬೀದಿಗಿಳಿದರು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ರ‍್ಯಾಂಕಿನ ವಿಷಯವಾದ್ದರಿಂದ ಅದು ಎಲ್ಲರ ಕಣ್ಣಿಗೂ ಬಿತ್ತು. ಅದೇ ಮಕ್ಕಳು ಅದೇ ವರ್ಷ ಕಾಲೇಜಿಗೆ ಬಂದಾಗ ನಮ್ಮ ಪಾಠಗಳೆಲ್ಲ ಆ ಕೈಬಿಟ್ಟ ಭಾಗಗಳ ಮೇಲೇ ನಿಂತಿದ್ದವು. ಆಗ ಯಾರೂ ಬೀದಿಗಿಳಿಯಲಿಲ್ಲ. ಮಕ್ಕಳು ತಮಗೇ ತಲೆ ಇಲ್ಲ ಎಂದುಕೊಂಡು ಸುಮ್ಮನಾದರು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಸುಮ್ಮನಾಗುವಿಕೆಯೇ. ಪಿಯುಸಿ ಗಣಿತದಲ್ಲಿ 90ರ ಮೇಲೆ ತೆಗೆದವರು, ಬೀದರ್, ಸಿರಾ, ಕೊಳ್ಳೇಗಾಲದಿಂದ ಊರು ಬಿಟ್ಟು ಬಂದು ಇಲ್ಲಿ ಪಿಜಿಗಳಲ್ಲಿ ಇರುವವರು, ಮೊದಲ ಐಎ (ಆಂತರಿಕ) ಟೆಸ್ಟಿನಲ್ಲಿ ಎಡವಿದ ಕೂಡಲೇ "ನನಗೆ ಮ್ಯಾಥ್ಸ್ ಆಗಲ್ಲ" ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದು ಇಂಗ್ಲಿಷಿಗೆ ಹೊಂದಿಕೊಂಡವರು ಇನ್ನೂ ಬೇಗ ಆ ತೀರ್ಮಾನಕ್ಕೆ ಬರುತ್ತಾರೆ. ಅದೇ ಲೆಕ್ಕವನ್ನು ಕನ್ನಡದಲ್ಲಿ ಹೇಳಿದರೆ ಎರಡು ನಿಮಿಷದಲ್ಲಿ ಹಿಡಿಯುತ್ತಾರೆ, ಇದನ್ನು ನಾನು ದಿನವೂ ನೋಡುತ್ತೇನೆ. ಅವರಲ್ಲಿ ಕೊರತೆ ಇರುವುದು ನಾಲ್ಕಾರು ತರಗತಿಗಳಲ್ಲಿ ಹೇಳಿಕೊಡಬಹುದಾದ ವಿಷಯದ್ದು. ಅಷ್ಟು ತರಗತಿ ನಮ್ಮ ಟೈಮ್‌ಟೇಬಲಿನಲ್ಲಿ ಇಲ್ಲ. ಐದು ಮಾಡ್ಯೂಲ್ ಇವೆ, ಪೋರ್ಷನ್ ಮುಗಿಸಬೇಕು.

ಪೋರ್ಷನ್ ಎಲ್ಲಿಂದ ಶುರುವಾಗುತ್ತದೆ ನೋಡಿ. ಎಂ-ಒನ್‌ನ ಮೊದಲ ಮಾಡ್ಯೂಲೇ ಪೋಲಾರ್ ವಕ್ರರೇಖೆಗಳು, ಅಂದರೆ ಉದ್ದ ಮತ್ತು ಕೋನದಿಂದ ಬರೆಯುವ ರೇಖೆಗಳು. ಕಾರ್ಡಿಯಾಯ್ಡ್ ಎಂಬ ಹೃದಯದಾಕಾರದ ರೇಖೆಗೆ ಸ್ಪರ್ಶಕ ಯಾವ ಕೋನದಲ್ಲಿದೆ ಎಂದು ಕಂಡುಹಿಡಿಯಬೇಕು. ಅದಕ್ಕೆ 1 + ಕಾಸ್ ಥೀಟಾ ಎಂಬುದನ್ನು ಅರ್ಧಕೋನದಲ್ಲಿ ಬರೆಯಲು ಗೊತ್ತಿರಬೇಕು. ಅದು ಮರೆತವರು ಸ್ಟೆಪ್ಪುಗಳನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಾರೆ, ಅಂಕವೂ ಬರುತ್ತದೆ. ಅದೇ ವಾರ ಪಕ್ಕದ ಕೋಣೆಯಲ್ಲಿ ಎಲೆಕ್ಟ್ರಿಕಲ್ ಮೇಷ್ಟ್ರು ಇಂಪೀಡೆನ್ಸಿನ ಪೋಲಾರ್ ರೂಪ ಹೇಳುತ್ತಿರುತ್ತಾರೆ. ಮಕ್ಕಳ ಒಂದು ನೋಟ್‌ಬುಕ್ಕಿನಲ್ಲಿ ಕಾರ್ಡಿಯಾಯ್ಡ್, ಇನ್ನೊಂದರಲ್ಲಿ ಕಾಯಿಲ್. ಎರಡೂ ಒಂದೇ ವಿಚಾರ ಎಂದು ಇಬ್ಬರು ಅಧ್ಯಾಪಕರೂ ಹೇಳುವುದಿಲ್ಲ, ಏಕೆಂದರೆ ಒಬ್ಬರ ಲೆಸನ್ ಪ್ಲಾನ್ ಇನ್ನೊಬ್ಬರು ನೋಡಿರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಮಾಡ್ಯೂಲಿನ ಪೆಡಲ್ ಸಮೀಕರಣವನ್ನು (ವಕ್ರರೇಖೆಯನ್ನು ಅದರ ಸ್ಪರ್ಶಕದ ದೂರದಿಂದ ಬರೆಯುವ ರೀತಿ) ತೆಗೆದುಹಾಕಿ ಆ ಗಂಟೆಗಳನ್ನು ಕಾಂಪ್ಲೆಕ್ಸ್ ಸಂಖ್ಯೆಗೆ ಕೊಡಬಹುದು. ಪೆಡಲ್ ಸಮೀಕರಣ ಸುಂದರವಾದದ್ದೇ, ನನಗೂ ಇಷ್ಟ. ಆದರೆ ನನ್ನ ವಿದ್ಯಾರ್ಥಿಗಳಿಗೆ ಅದು ಮುಂದಿನ ಏಳು ಸೆಮಿಸ್ಟರಿನಲ್ಲಿ ಮತ್ತೆ ಎದುರಾಗುವುದಿಲ್ಲ. ಪೋಲಾರ್ ರೂಪವಾದರೋ ಎಲೆಕ್ಟ್ರಿಕಲ್‌ನಲ್ಲಿ, ಸಿಗ್ನಲ್ಸ್‌ನಲ್ಲಿ, ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ, ಫೋರಿಯರ್ ಸರಣಿಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಲಾಗರಿದಮ್ಮಿನದೂ ಇದೇ ಪಾಡು. ಪಿಯುಸಿಯಲ್ಲಿ ಅದು ಕೆಮಿಸ್ಟ್ರಿಯ ಪಿಎಚ್ ಲೆಕ್ಕದಲ್ಲಿ ಟೇಬಲ್ ನೋಡಿ ಬರೆಯುವ ಒಂದು ಸಂಖ್ಯೆ. ನಾಲ್ಕನೆಯ ಸೆಮಿಸ್ಟರಿನ ಅಲ್ಗಾರಿದಮ್ ಪಾಠಕ್ಕೆ ಬಂದಾಗ, ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತ ಹುಡುಕುವ ಬೈನರಿ ಸರ್ಚ್‌ಗೆ 'ಲಾಗ್ ಎನ್' ಸಮಯ ಸಾಕು ಎಂದು ಎಲ್ಲರೂ ಬರೆಯುತ್ತಾರೆ. ಹತ್ತು ಲಕ್ಷ ಹೆಸರುಗಳಿರುವ ವಿಂಗಡಿಸಿದ ಪಟ್ಟಿಯಲ್ಲಿ ಒಂದು ಹೆಸರು ಹುಡುಕಲು ಎಷ್ಟು ಸಲ ಅರ್ಧ ಮಾಡಬೇಕು ಎಂದು ಕೇಳಿದರೆ ತರಗತಿ ಮೌನ. ಇಪ್ಪತ್ತು ಸಲ. ಎರಡನ್ನು ಇಪ್ಪತ್ತು ಸಲ ಗುಣಿಸಿದರೆ ಹತ್ತು ಲಕ್ಷ ದಾಟುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಗುಣಿಸಿ ತೋರಿಸಿದಾಗ ಅವರ ಮುಖದಲ್ಲಿ ಬರುವ ಬೆಳಕನ್ನು ನೀವು ಒಮ್ಮೆ ಬಂದು ನೋಡಬೇಕು.

ಪ್ರವೇಶ ಪರೀಕ್ಷೆಯ ಪಾಲೂ ಇದರಲ್ಲಿದೆ. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಪ್ರಶ್ನೆಯೊಂದಕ್ಕೆ ಒಂದು ನಿಮಿಷ ಇಪ್ಪತ್ತು ಸೆಕೆಂಡು, ತಪ್ಪಿಗೆ ಅಂಕ ಕಡಿತವೂ ಇಲ್ಲ. ಸಮೀಕರಣ ಬಿಡಿಸುವುದಕ್ಕಿಂತ ಕೊಟ್ಟ ನಾಲ್ಕು ಆಪ್ಷನ್‌ಗಳನ್ನು ಹಾಕಿ ನೋಡುವುದೇ ಲಾಭ ಎಂದು ಕೋಚಿಂಗ್ ಸೆಂಟರುಗಳು ಹೇಳಿಕೊಡುವುದರಲ್ಲಿ ತಪ್ಪೇನೂ ಇಲ್ಲ, ಪರೀಕ್ಷೆ ಕೇಳುವುದೇ ಅದನ್ನು. ಎರಡು ವರ್ಷ ಹೀಗೆ ಅಭ್ಯಾಸ ಮಾಡಿದವರು ಒಂದು ಪುಟ ಉದ್ದದ ಲೆಕ್ಕದ ಎದುರು ಕೂತಾಗ ಪೆನ್ನು ಎಲ್ಲಿಂದ ಶುರು ಮಾಡಬೇಕು ಎಂದೇ ತಿಳಿಯದೆ ಕಂಗಾಲಾಗುತ್ತಾರೆ. ರ‍್ಯಾಂಕು ನೋಡಿ ಇವರಿಗೆ ಎಲ್ಲ ಬರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ.

ಇನ್ನು 'ಪೂರ್ವಾರ್ಹತೆ'ಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಎಂಐಟಿಯ ಕೋರ್ಸುಗಳ ಪಟ್ಟಿ ತೆರೆದರೆ ವಿದ್ಯುತ್ ಮತ್ತು ಕಾಂತತ್ವದ ಮೊದಲ ಕೋರ್ಸಿನ ಎದುರಿಗೇ, ಒಂದನೆಯ ಕ್ಯಾಲ್ಕುಲಸ್ ಮತ್ತು ಒಂದನೆಯ ಭೌತಶಾಸ್ತ್ರ ಆಗಿರಬೇಕು ಎಂದು ಬರೆದಿದೆ. ನಮ್ಮಲ್ಲೂ ಕೋರ್ಸ್ ಪ್ಲಾನಿನಲ್ಲಿ 'ಪ್ರೀರಿಕ್ವಿಸಿಟ್' ಎಂಬ ಸಾಲು ಇರುತ್ತದೆ. ಅದರ ಎದುರು 'ಬೇಸಿಕ್ ಮ್ಯಾಥಮ್ಯಾಟಿಕ್ಸ್' ಎಂದು ಬರೆದು ಫೈಲ್ ಮುಚ್ಚುತ್ತೇವೆ. ಯಾವ ಬೇಸಿಕ್? ಭಿನ್ನರಾಶಿಯೇ, ಲಾಗೇ, ಮ್ಯಾಟ್ರಿಕ್ಸೇ? ಅಲ್ಲಿ ವಿದ್ಯಾರ್ಥಿ ತನಗೆ ಬೇಕಾದಾಗ ಕೋರ್ಸ್ ಆರಿಸಿಕೊಳ್ಳುತ್ತಾನೆ, ಹಾಗಾಗಿ ಮೊದಲಿನದು ಆಗದಿದ್ದರೆ ಕಾಯಬಹುದು. ಇಲ್ಲಿ ಇಡೀ ಸೆಕ್ಷನ್ ಒಟ್ಟಿಗೆ ಸಾಗುತ್ತದೆ. ನಿಯಮ ಬಿಡುವಷ್ಟು ಬ್ಯಾಕ್ (ಪಾಸಾಗದೆ ಉಳಿದ ವಿಷಯ) ಇಟ್ಟುಕೊಂಡು ಎಂ-ಒನ್ ಆಗದವರೂ ಎಂ-ಟು ಕೂರುತ್ತಾರೆ, ಎರಡನೆಯ ವರ್ಷಕ್ಕೂ ಬರುತ್ತಾರೆ. ಅವರನ್ನು ತಡೆದು ನಿಲ್ಲಿಸಿ ಎಂದು ನಾನು ಖಂಡಿತ ಕೇಳುತ್ತಿಲ್ಲ. ಒಂದು ವರ್ಷ ಹಿಂದೆ ಬಿದ್ದರೆ ಸಾಲ ಮಾಡಿ ಓದಿಸುವ ಮನೆಗಳಿಗೆ ಅದು ಎಂಥ ಪೆಟ್ಟು ಎಂದು ಗೊತ್ತಿದೆ. ಹೇಗೂ ಯಾರನ್ನೂ ತಡೆಯುವುದಿಲ್ಲ ಎಂದ ಮೇಲೆ, ಇಲ್ಲದ್ದನ್ನು ತುಂಬಿಕೊಡುವ ಹೊಣೆ ಕಾಲೇಜಿನದೇ ಆಗಬೇಕು.

ಈಗ ಆ ಹೊಣೆಯನ್ನು ನಾವು ನಿಭಾಯಿಸುತ್ತಿರುವ ರೀತಿ ಸರಿ ಇಲ್ಲ. ಬಹಳ ಕಡೆ ಮೊದಲ ಟೆಸ್ಟಿನ ಅಂಕ ನೋಡಿ 'ಸ್ಲೋ ಲರ್ನರ್' ಎಂದು ಒಂದು ಪಟ್ಟಿ ಮಾಡುತ್ತಾರೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‍ನ ಕಡತಕ್ಕೆ ಅದು ಬೇಕು. ಕೆಲವೆಡೆ ಆ ಪಟ್ಟಿ ನೋಟಿಸ್ ಬೋರ್ಡಿಗೂ ಏರುತ್ತದೆ. ಕಲಿಸದೇ ಇದ್ದ ಪಾಠ ಬರಲಿಲ್ಲ ಎಂದು ಹದಿನೆಂಟು ವರ್ಷದ ಹುಡುಗನ ಹೆಸರಿನ ಮುಂದೆ ಹೀಗೆ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಆಮೇಲೆ ಅವರಿಗೆ ರೆಮಿಡಿಯಲ್ ಕ್ಲಾಸ್ ಇಡುತ್ತೇವೆ, ಸಂಜೆ ನಾಲ್ಕರ ನಂತರ. ಕಾಲೇಜ್ ಬಸ್ಸು ಹೊರಡುವುದೂ ಆಗಲೇ. ನೆಲಮಂಗಲ, ಆನೇಕಲ್, ಹೊಸಕೋಟೆಯಿಂದ ಬರುವವರು ಬಸ್ಸು ಬಿಟ್ಟು ರೆಮಿಡಿಯಲ್‌ಗೆ ಕೂತರೆ ಎರಡು ಬಿಎಂಟಿಸಿ ಬದಲಿಸಿ ರಾತ್ರಿ ಮನೆ ಸೇರಬೇಕು. ಹುಡುಗಿಯರ ಮನೆಯವರು ಒಪ್ಪುವುದಿಲ್ಲ. ಕೊನೆಗೆ ಕೂರುವವರು ಹಾಸ್ಟೆಲಿನ ನಾಲ್ಕೈದು ಜನ. ಉಳಿದವರು ಜಯನಗರದಲ್ಲೋ ವಿಜಯನಗರದಲ್ಲೋ ಎಂ-ಒನ್, ಎಂ-ಟು ಟ್ಯೂಷನ್ ಹುಡುಕುತ್ತಾರೆ, ದುಡ್ಡಿದ್ದರೆ. ಇಲ್ಲದವರು 'ಪಾಸಿಂಗ್ ಪ್ಯಾಕೇಜ್' ಎಂಬ ಜೆರಾಕ್ಸ್ ಕಟ್ಟು ಕೊಳ್ಳುತ್ತಾರೆ.

ಡಿಪ್ಲೊಮಾ ಮುಗಿಸಿ, ಅಂಥವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರ ಎರಡನೆಯ ವರ್ಷಕ್ಕೆ ಬರುವವರ ಪಾಡು ಇನ್ನೂ ಕಷ್ಟ. ಲ್ಯಾಬಿನಲ್ಲಿ ಅವರ ಕೈ ನೋಡಬೇಕು. ವೈರಿಂಗ್ ಇರಲಿ, ಲೇತ್ ಇರಲಿ, ಪಿಯುಸಿಯಿಂದ ಬಂದವರು ಅವರ ಹತ್ತಿರ ಕೇಳಿ ಕಲಿಯುತ್ತಾರೆ. ಆದರೆ ಮೊದಲ ದಿನವೇ ಅವರ ಮುಂದೆ ಬರುವುದು ಮೂರನೆಯ ಸೆಮಿಸ್ಟರಿನ ಗಣಿತ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, 2018ರ ಸ್ಕೀಮಿನಲ್ಲಿ ಇವರಿಗೆಂದೇ ಮೂರು ಮತ್ತು ನಾಲ್ಕನೆಯ ಸೆಮಿಸ್ಟರಿಗೆ ಹೆಚ್ಚುವರಿ ಗಣಿತದ ಎರಡು ಕೋರ್ಸುಗಳನ್ನು ಇಟ್ಟಿತ್ತು. ಆಲೋಚನೆ ಒಳ್ಳೆಯದೇ. ಆದರೆ ಅವಕ್ಕೆ ಕ್ರೆಡಿಟ್ ಸೊನ್ನೆ, ಪಾಸು ಕಡ್ಡಾಯವಾಗಿತ್ತು. ಅಡಿಪಾಯದ ಪಾಠ, ಅದರ ಮೇಲೆ ನಿಲ್ಲುವ ಪಾಠ ಎರಡೂ ಒಂದೇ ಸೆಮಿಸ್ಟರಿನಲ್ಲಿ ಜೊತೆಜೊತೆಗೇ ನಡೆಯುತ್ತಿದ್ದವು. ಪಾರ್ಷಿಯಲ್ ಫ್ರ್ಯಾಕ್ಷನ್ ಇನ್ನೂ ಕಲಿಯುತ್ತಿರುವವನು ಅದೇ ವಾರ ಅದನ್ನು ಬಳಸಿ ಲಾಪ್ಲಾಸ್ ವಿಲೋಮ ತೆಗೆಯಬೇಕಾಗುತ್ತಿತ್ತು. ಡಿಸಿಇಟಿ ಫಲಿತಾಂಶ ಮತ್ತು ತರಗತಿಗಳ ನಡುವೆ, ಅವರಿಗೆ ಒಂದು ತಿಂಗಳ ಪಾಠ ಇಟ್ಟರೆ ಎಷ್ಟೋ ನೆಮ್ಮದಿ.

ಹೊಸದಾಗಿ ಏನೋ ಕಟ್ಟಬೇಕು ಎಂದೇನೂ ನಾನು ಕೇಳುತ್ತಿಲ್ಲ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ 2018ರ ಮಾದರಿ ಪಠ್ಯಕ್ರಮದಲ್ಲಿಯೇ ಹೊಸಬರಿಗೆ ಕಾಲೇಜು ಪರಿಚಯಿಸುವ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮ ಇದೆ. ಅದರಲ್ಲಿ ವಿದ್ಯಾರ್ಥಿಗಳ ಕೊರತೆ ನೀಗಿಸುವ ಪ್ರೊಫಿಶಿಯನ್ಸಿ ಮಾಡ್ಯೂಲಿಗೆ ಜಾಗವೂ ಇದೆ. ಇಂಗ್ಲಿಷ್, ಕಂಪ್ಯೂಟರ್ ಬಳಕೆ ಅದರ ಉದಾಹರಣೆಗಳು. 2021ರಲ್ಲಿ ಪ್ರವೇಶಕ್ಕೆ 14 ವಿಷಯಗಳ ಪಟ್ಟಿ ಕೊಟ್ಟು ಅದರಲ್ಲಿ ಯಾವುದಾದರೂ ಮೂರು ಸಾಕು ಎಂದು ಎಐಸಿಟಿಇ ಹೇಳಿದಾಗ ದೊಡ್ಡ ಗಲಾಟೆಯೇ ಆಯಿತು. ಆಗಲೂ ಕೊರತೆ ತುಂಬುವ ಸೂಕ್ತ ಬ್ರಿಡ್ಜ್ ಕೋರ್ಸುಗಳನ್ನು ವಿಶ್ವವಿದ್ಯಾಲಯಗಳು ಕೊಡಬೇಕು ಎಂದೇ ಅದು ಬರೆದಿತ್ತು. ಅಂದರೆ ಕಾಗದದ ಮೇಲೆ ಒಪ್ಪಿಗೆ ಇದೆ. ಆ ಮೂರು ವಾರದಲ್ಲಿ ಯೋಗ, ಭಾಷಣ, ಹಾಡು, ಕ್ಯಾಂಪಸ್ ಸುತ್ತಾಟ ಎಲ್ಲ ಇರಲಿ, ಹೊಸ ಊರಿಗೆ ಬಂದ ಮಕ್ಕಳಿಗೆ ಅವೆಲ್ಲ ಬೇಕು. ದಿನಕ್ಕೆ ಎರಡು ಗಂಟೆ ಗಣಿತಕ್ಕೂ ಕೊಡಿ.

ಅದಕ್ಕೂ ಮುಂಚೆ ಒಂದು ಪ್ರಶ್ನೆಪತ್ರಿಕೆ. ಅರ್ಧ ಗಂಟೆಯದು, ಅಂಕವಿಲ್ಲದ್ದು, ಯಾರಿಗೂ ಓದಿ ಹೇಳದ್ದು. ಲಾಗ್ ಎಕ್ಸ್‌ನ ಗ್ರಾಫ್ ಬರೆಯಿರಿ. ಸೈನ್ 150 ಡಿಗ್ರಿ ಎಷ್ಟು, ಕ್ಯಾಲ್ಕುಲೇಟರ್ ಮುಟ್ಟದೆ ಹೇಳಿ. ಎ ವರ್ಗ ಮತ್ತು ಬಿ ವರ್ಗದ ಮೊತ್ತದ ವರ್ಗಮೂಲ ಎ + ಬಿ ಆಗುತ್ತದೆಯೇ? ಕೊನೆಯದು ಬಹಳ ಸಣ್ಣ ಪ್ರಶ್ನೆ ಅನ್ನಿಸಬಹುದು. ಆಗುತ್ತದೆ ಎಂದು ನಂಬಿಕೊಂಡಿರುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ, ಮೇಲೆ ಹೇಳಿದ 322 ವೋಲ್ಟಿನ ಲೆಕ್ಕ ತಪ್ಪುವುದು ಅಲ್ಲೇ. ಇಂಥ ಒಂದು ಪುಟದಿಂದ ಒಂದು ಸೆಕ್ಷನ್ನಿಗೆ ಏನು ಬೇಕು ಎಂದು ಆ ಸಂಜೆಯೇ ಗೊತ್ತಾಗುತ್ತದೆ. ಕೊನೆಯ ಸುತ್ತಿನ ಕೌನ್ಸೆಲಿಂಗ್‌ನಲ್ಲಿ ತಡವಾಗಿ ಬಂದು ಸೇರುವವರಿಗೆ ಇದನ್ನೇ ಇನ್ನೊಮ್ಮೆ ನಡೆಸಬೇಕು. ಮೊದಲ ವಾರದ ಪಾಠ ತಪ್ಪಿಸಿಕೊಳ್ಳುವವರು ಅವರೇ, ಅದು ಹೆಚ್ಚು ಬೇಕಾದವರೂ ಸಾಮಾನ್ಯವಾಗಿ ಅವರೇ.

ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಮಕ್ಕಳನ್ನು ಎರಡಾಗಿ ಹಂಚುವ ಪದ್ಧತಿಯನ್ನೂ ಈ ಕಣ್ಣಿನಿಂದ ನೋಡಿ. ಒಂದೇ ವಿಷಯ ಅರ್ಧ ಮಕ್ಕಳಿಗೆ ಮೊದಲ ಸೆಮಿಸ್ಟರಿನಲ್ಲಿ, ಇನ್ನರ್ಧಕ್ಕೆ ಎರಡನೆಯದರಲ್ಲಿ ಬಂದರೆ, ಎಂ-ಒನ್ ಆಗಿದೆ ಎಂದು ನಂಬಿ ಪಾಠ ಮಾಡಬೇಕೋ ಬೇಡವೋ ಎಂಬುದೇ ಆ ಅಧ್ಯಾಪಕರಿಗೆ ಗೊತ್ತಾಗುವುದಿಲ್ಲ. ಕೊಠಡಿ, ಲ್ಯಾಬು, ಸಿಬ್ಬಂದಿಯ ಅನುಕೂಲಕ್ಕೆ ಹುಟ್ಟಿದ ವ್ಯವಸ್ಥೆ ಅದು. ಆದರೂ ಎಲೆಕ್ಟ್ರಿಕಲ್‌ನಂಥ ಒಂದೆರಡು ವಿಷಯಗಳನ್ನಾದರೂ ಎಲ್ಲರಿಗೂ ಎರಡನೆಯ ಸೆಮಿಸ್ಟರಿಗೆ ಇಡಲು ಸಾಧ್ಯವಿಲ್ಲವೇ?

ಎನ್‌ಬಿಎ ಮಾನ್ಯತೆಗಾಗಿ ಪ್ರತಿ ಕೋರ್ಸಿನ ಸಿಒಗಳನ್ನು (ಆ ಕೋರ್ಸಿನ ಕಲಿಕಾ ಫಲಗಳು) ಪಿಒಗಳಿಗೆ (ಇಡೀ ಪದವಿಯ ಕಲಿಕಾ ಫಲಗಳು) ಮ್ಯಾಪ್ ಮಾಡಿ, ಒಂದು ಎರಡು ಮೂರು ಎಂದು ಎಕ್ಸೆಲ್ ಹಾಳೆ ತುಂಬಲು ನಾವು ಅಧ್ಯಾಪಕರು ಕಳೆಯುವ ಗಂಟೆಗಳು ನಿಮಗೆ ಗೊತ್ತಿವೆ. ಅದರ ಒಂದು ಸಣ್ಣ ಪಾಲು ಸಮಯ ಸಾಕು, ಇನ್ನೊಂದು ಹಾಳೆ ತಯಾರಾಗುತ್ತದೆ: ಈ ಕೋರ್ಸಿನ ಈ ಮಾಡ್ಯೂಲಿಗೆ ಗಣಿತದ ಯಾವ ವಿಷಯ ಬೇಕು, ಅದನ್ನು ಎಲ್ಲಿ, ಯಾವ ಸೆಮಿಸ್ಟರಿನಲ್ಲಿ ಕಲಿಸಲಾಗಿದೆ, ಕಲಿಸಿಲ್ಲದಿದ್ದರೆ ಯಾರು ಯಾವಾಗ ಕಲಿಸುತ್ತಾರೆ. ಎಐ-ಎಂಎಲ್ (ಕೃತಕ ಬುದ್ಧಿಮತ್ತೆ, ಮಷೀನ್ ಲರ್ನಿಂಗ್) ಹೆಸರಿನ ಬ್ರ್ಯಾಂಚುಗಳು ನಗರದ ತುಂಬ ತೆರೆದಿವೆ. ಅಲ್ಲಿ ಆರನೆಯ ಸೆಮಿಸ್ಟರಿನಲ್ಲಿ ಬೇಕಾಗುವ ಪಾರ್ಷಿಯಲ್ ಡೆರಿವೇಟಿವ್ ಮತ್ತು ಐಗನ್ ವ್ಯಾಲ್ಯೂ ಕಲಿಸುವುದು ಮೊದಲ ಸೆಮಿಸ್ಟರಿನಲ್ಲಿ. ನಡುವಿನ ಎರಡು ವರ್ಷ ಅವನ್ನು ಯಾರೂ ಮುಟ್ಟುವುದಿಲ್ಲ. ಆ ಹಾಳೆ ಇದ್ದಿದ್ದರೆ ಈ ಅಂತರ ಒಂದೇ ನೋಟಕ್ಕೆ ಕಾಣುತ್ತಿತ್ತು.

1917ರಲ್ಲಿ ವಿಶ್ವೇಶ್ವರಯ್ಯನವರು ಈ ಊರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದಾಗಿನಿಂದ ನಮ್ಮ ನಾಡಿನ ಮಕ್ಕಳು ಈ ವಿದ್ಯೆಗಾಗಿ ಬೆಂಗಳೂರಿಗೆ ಬರುತ್ತಲೇ ಇದ್ದಾರೆ. ಮುಂದಿನ ಸಾಲಿನ ತರಗತಿ ಶುರುವಾಗುವ ಮೊದಲು ಆ ಹಾಳೆಯನ್ನು ಮೊದಲ ವರ್ಷದ ಕೋರ್ಸುಗಳಿಗಾದರೂ ತಯಾರಿಸಿ, ಅದನ್ನು ಸಿಲಬಸ್ ಜೊತೆಗೇ ಪ್ರಕಟಿಸಿ, ಬ್ರಿಡ್ಜ್ ತರಗತಿಗೆ ಬೆಳಗಿನ ಟೈಮ್‌ಟೇಬಲಿನಲ್ಲಿ ಗಂಟೆಯನ್ನೂ ಕ್ರೆಡಿಟ್ಟನ್ನೂ ಕೊಡಿ. ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಕಂಪ್ಯೂಟರ್ ವಿಭಾಗದವರ ಜೊತೆ ಗಣಿತದವರನ್ನೂ ಒಂದೇ ಮೇಜಿಗೆ ಕರೆಯಿರಿ. ಭಾನುವಾರ ಕರೆದರೂ ನಾವು ಬರುತ್ತೇವೆ. ಯಾವ ತರಗತಿಯಲ್ಲಿ ಮಕ್ಕಳು ಎಲ್ಲಿ ನಿಲ್ಲುತ್ತಾರೆ ಎಂಬುದರ ಟಿಪ್ಪಣಿಗಳು ನಮ್ಮೆಲ್ಲರ ಡೈರಿಗಳಲ್ಲಿ ಇವೆ, ಅವನ್ನೂ ತರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಗಣಿತ ಅಧ್ಯಾಪಕಿ